ನೀಲಿ ಗೆರೆಗಿಂತ ಕಂದು ಗೆರೆ ನೋಡಿ: ಅಲಾಸ್ಕಾದ ಅರ್ನಿ ಕ್ರೀಕ್ ನಡಿಗೆ

ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆ ಇಲ್ಲ, ಮಾಡಿಟ್ಟ ಕಾಲುದಾರಿಯೂ ಇಲ್ಲ. ಹಳ್ಳಗಳೇ ದಾರಿ. ನಾವಿಬ್ಬರು ಜುಲೈನಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಸಣ್ಣ ವಿಮಾನದಲ್ಲಿ ಅನಕ್ಟುವಕ್ ಪಾಸ್ ಎಂಬ ಊರಿಗೆ ಹೋಗಿ, ಅಲ್ಲಿಂದ ಅರ್ನಿ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿ ಅರ್ನಿ ಕ್ರೀಕ್ ಎಂಬ ಹಳ್ಳಕ್ಕೆ ಇಳಿದೆವು. ನೀವೂ ಹೊರಡುವುದಾದರೆ, ಟೆಂಟು ಬೂಟು ಕೊಳ್ಳುವ ಮೊದಲು ನಕ್ಷೆ ಹರಡಿಕೊಂಡು ಕೂತುಕೊಳ್ಳಿ.

ನಮ್ಮ ಕೈಯಲ್ಲಿದ್ದದ್ದು ಒಂದು ಇಂಚಿಗೆ ಒಂದು ಮೈಲಿ ಅಳತೆಯ ಹಳೆಯ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ನಕ್ಷೆ. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಾಂಟೂರ್ ಗೆರೆಯಿಂದ ಗೆರೆಗೆ 100 ಅಡಿ ಎತ್ತರದ ಅಂತರ. ಅರವತ್ತು ಅಡಿ ಆಳದ ಕೊರಕಲು ಎರಡು ಗೆರೆಗಳ ನಡುವೆ ಕಾಣದೇ ಹೋಗಬಹುದು. ಎರಡನೇ ದಿನ ಹಾಗೇ ಆಯಿತು. ತೆಳ್ಳನೆಯ ನೀಲಿ ಗೆರೆ ನೋಡಿ ಸಣ್ಣ ಹಳ್ಳ ಅಂದುಕೊಂಡಿದ್ದೆವು. ಹೋದರೆ ಎರಡೂ ಕಡೆ ಕಡಿದಾದ ಬಂಡೆ, ಕೆಳಗೆ ಭೋರ್ಗರೆಯುವ ನೀರು. ಸುತ್ತಿ ಬರಲು ನಾಲ್ಕು ಗಂಟೆ ಹಿಡಿಯಿತು. ಈಗ ರಾಡಾರ್ ಅಳತೆಯಿಂದ ಮಾಡಿದ 1:25,000 ಅಳತೆಯ, ಹೆಚ್ಚು ವಿವರಗಳಿರುವ ಹೊಸ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಅವನ್ನೇ ಅಚ್ಚು ಹಾಕಿಸಿ ಒಯ್ಯಿರಿ. ಹಳೆಯ ನಕ್ಷೆಯಲ್ಲಿರುವ ದಿಕ್ಸೂಚಿ ವ್ಯತ್ಯಾಸವನ್ನೂ (ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಕೋನ) ನಂಬಬೇಡಿ, ಅದು ಬಹಳ ಬದಲಾಗಿದೆ.

ಹಳ್ಳ ಸಿಕ್ಕಲ್ಲಿ ಕಂದು ಗೆರೆ 'ವಿ' ಆಕಾರದಲ್ಲಿ ಬಾಗುತ್ತದೆ. ಅದರ ಚೂಪು ತುದಿ ನೀರು ಬರುವ ಕಡೆಗಿರುತ್ತದೆ. 'ವಿ' ಕಿರಿದಾಗಿದ್ದು ಗೆರೆಗಳು ಒತ್ತಾಗಿದ್ದರೆ ಅಲ್ಲಿ ದಾಟುವ ಯೋಚನೆ ಬೇಡ. ಗೆರೆಗಳೇ ಇಲ್ಲದ ಬಯಲು ಸುಲಭ ಅನಿಸುತ್ತದೆ, ಅಲ್ವಾ? ಆದರೆ ನೀರು ಬಸಿಯದೆ ನಿಲ್ಲುವುದೂ ಅಲ್ಲೇ. ಕಾಲಿಟ್ಟರೆ ಅಲ್ಲಾಡುವ ಹುಲ್ಲಿನ ಗುಪ್ಪೆಗಳು, ನಡುವೆ ಕೆಸರು. ಒಂದು ಕಿಲೋಮೀಟರಿಗೆ ಒಂದು ಗಂಟೆ ಬೇಕಾಯಿತು. ಸ್ವಲ್ಪ ಮೇಲಿನ ಇಳಿಜಾರು ಅಥವಾ ನದಿಯ ಜಲ್ಲಿ ದಿಣ್ಣೆ ಎಷ್ಟೋ ಮೇಲು.

ಹೊರಡುವ ಮೊದಲೇ ಪ್ರತಿ ಹಳ್ಳಕ್ಕೆ ಎಲ್ಲೆಲ್ಲಿಂದ ನೀರು ಬರುತ್ತದೆ ಎಂದು ಪೆನ್ಸಿಲಿನಲ್ಲಿ ಸುತ್ತು ಹಾಕಿಡಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮಳೆ ಇಂಗುವುದಿಲ್ಲ, ನೇರ ಹಳ್ಳಕ್ಕೆ ಓಡುತ್ತದೆ. ಸುತ್ತು ದೊಡ್ಡದಿದ್ದಷ್ಟೂ ನೀರು ಜಾಸ್ತಿ. ಒಂದು ರಾತ್ರಿಯ ಮಳೆಗೆ ಮೊಣಕಾಲುದ್ದದ ಹಳ್ಳ ಸೊಂಟದವರೆಗೆ ಏರಿತು. ನಾವು ಒಂದು ದಿನ ಸುಮ್ನೆ ಕಾದೆವು. ನೀರು ಇಳಿದ ಮೇಲೆ, ಅದು ಕವಲೊಡೆದು ಅಗಲವಾಗಿ ಹರಿಯುವ ಜಾಗ ಹುಡುಕಿ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ ದಾಟಿದೆವು. ಎರಡು ದಿನದ ಊಟ ಹೆಚ್ಚಿಗೆ ಇರಲೇಬೇಕು.

ಅರ್ನಿ ಪಾಸ್‌ನಲ್ಲಿ ಮಾತ್ರ ಅವಸರ ಮಾಡಬೇಡಿ. ಒಂದು ಕಡೆಯ ನೀರು ಅನಕ್ಟುವಕ್ ನದಿ ಸೇರಿ ಆರ್ಕ್ಟಿಕ್ ಸಾಗರಕ್ಕೆ ಹೋಗುತ್ತದೆ. ಇನ್ನೊಂದು ಕಡೆಯದು ಕೊಯುಕುಕ್, ಯೂಕಾನ್ ನದಿಗಳ ಮೂಲಕ ಬೇರಿಂಗ್ ಸಮುದ್ರಕ್ಕೆ. ನಕ್ಷೆ ಬಿಡಿಸಿ ಆ ಎರಡೂ ನೀಲಿ ಗೆರೆಗಳ ಮೇಲೆ ಬೆರಳಾಡಿಸುತ್ತಾ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.