ಹೊಸ್ತಿಲು ದಾಟದ ರೋಬೊ: ಬೆನಾವ್ಲಿ ಫ್ಲಾಟ್ ಲಾಗ್, ಏಳನೇ ಕಂತು

ಕೊನೆಗೂ ದಾಟಿತು. ಎರಡು ತಿಂಗಳಿಂದ ಬೆಡ್‌ರೂಮ್ ಬಾಗಿಲಲ್ಲಿ ನಿಂತು ಸತ್ಯಾಗ್ರಹ ಮಾಡುತ್ತಿದ್ದ, ಗೋವಾದ ಬೆನಾವ್ಲಿಯಲ್ಲಿ ಅತಿಥಿಗಳಿಗೆ ಕೊಡುವ ಫ್ಲಾಟಿನ ನೆಲ ಗುಡಿಸಿ ಒರೆಸುವ ನನ್ನ ರೋಬೊ ನಿನ್ನೆ ಭಾನುವಾರ ಒಳಗೂ ಹೋಯಿತು, ಹೊರಗೂ ಬಂತು, ಸುಮ್ನೆ ಹೋಗಿ ಡಾಕ್‌ನಲ್ಲಿ ಕೂತಿತು. ನಾನು ಆ ಹೊತ್ತಿಗೆ ಮಡಗಾಂವ್ ಮಾರ್ಕೆಟ್‌ನಲ್ಲಿ ಬಂಗಡೆ ತಗೊಳ್ಳುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದಿದ್ದೆ. ಮ್ಯಾಪ್‌ನಲ್ಲಿ ಆ ಪುಟ್ಟ ಚುಕ್ಕೆ ಗೆರೆ ದಾಟಿದ್ದು ಕಂಡಾಗ ಎಷ್ಟು ಜೋರಾಗಿ ಕೂಗಿದೆನೋ, ಮೀನು ಮಾರುವ ಅಮ್ಮ ಬೆಕ್ಕು ಬಂತೇನೋ ಅಂತ ಬುಟ್ಟಿ ನೋಡಿಕೊಂಡರು.

ಸೆಟಪ್ ಬಗ್ಗೆ ಮತ್ತೆ ಬರೆಯುವುದಿಲ್ಲ. ವ್ಯಾಲೆಟುಡೊ (ಕಂಪನಿಯ ಕ್ಲೌಡ್ ಇಲ್ಲದೆ ರೋಬೊ ನಡೆಸುವ ಸಾಫ್ಟ್‌ವೇರ್) ಹಾಕಿದ, ಲೇಸರ್‌ನಿಂದ ಮನೆಯ ಮ್ಯಾಪ್ ಮಾಡಿಕೊಳ್ಳುವ ಲೈಡಾರ್ ರೋಬೊ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಮನೆಯ ಸಾಧನಗಳನ್ನೆಲ್ಲ ನಡೆಸುವ ಹೋಮ್ ಅಸಿಸ್ಟೆಂಟ್, ಬಾಗಿಲಿಗೆ ಜಿಗ್ಬೀ ಅನ್ನುವ ವೈರ್‌ಲೆಸ್ ಸೆನ್ಸರ್, ಬುಕಿಂಗ್ ದಿನಗಳು ಐಕ್ಯಾಲ್ ಅನ್ನುವ ಕ್ಯಾಲೆಂಡರ್ ಫೀಡ್‌ನಿಂದ. ರೂಟ್ ಮಾಡುವಾಗ (ಕಂಪನಿಯ ಬೀಗ ದಾಟಿ ರೋಬೊ ಒಳಹೊಕ್ಕುವಾಗ) ಒಂದು ಸ್ಕ್ರೂ ಸೋಫಾ ಕೆಳಗೆ ಹೋಗಿ, ಅದನ್ನು ಆಮೇಲೆ ಅದೇ ರೋಬೊ ನುಂಗಿದ ಕಥೆ ಮೂರನೇ ಕಂತಿನಲ್ಲಿದೆ.

ಲೆಕ್ಕ ಮಾತ್ರ ನೆನಪಿಸುತ್ತೇನೆ. ಚೆಕ್‌ಔಟ್ 11ಕ್ಕೆ, ಚೆಕ್‌ಇನ್ 2ಕ್ಕೆ. ಮಧ್ಯೆ ಮೂರು ಗಂಟೆ, ಫ್ಲಾಟ್ ಎರಡು: ಒಂದು ನನ್ನದು, ಇನ್ನೊಂದು ಸೋದರಮಾವನದು, ಕೆಲಸದ ಅಕ್ಕ ಒಬ್ಬರೇ. ಅವರು ಬಾದಾಮಿ ಕಡೆಯವರು, ಗೋವಾಕ್ಕೆ ಬಂದು ಹದಿನೈದು ವರ್ಷವಾಯಿತು. ಕೊಂಕಣಿ ನನಗಿಂತ ಚೆನ್ನಾಗಿ ಆಡುತ್ತಾರೆ. 2023ರ ಜನವರಿಯಲ್ಲಿ ಉತ್ತರ ಗೋವಾದ ಮೋಪಾ ವಿಮಾನ ನಿಲ್ದಾಣ ಶುರುವಾದ ಮೇಲೆ ನಮಗೆ ಒಂದು ಅನುಕೂಲ ಆಗಿದೆ. ಅಲ್ಲಿಂದ ಹಾರುವವರು ದೂರಕ್ಕೆ ಹೆದರಿ ಬೆಳಗ್ಗೆ ಬೇಗ ಜಾಗ ಖಾಲಿ ಮಾಡುತ್ತಾರೆ. ಹತ್ತಿರದ ದಾಬೋಳಿ ನಿಲ್ದಾಣದಿಂದ ಹಾರುವವರು ಮಾತ್ರ 11:20ಕ್ಕೂ ಹಲ್ಲುಜ್ಜುತ್ತಿರುತ್ತಾರೆ.

ರೋಬೊ ಹಾಸಿಗೆ ಹೊದಿಕೆ ಬದಲಿಸುವುದಿಲ್ಲ, ಬಾತ್‌ರೂಮ್ ತೊಳೆಯುವುದಿಲ್ಲ, ಸಿಂಕಿನಲ್ಲಿ ಬಿಟ್ಟ ಸೀಗಡಿ ಸಿಪ್ಪೆ ಎತ್ತುವುದಿಲ್ಲ. ಅಕ್ಕ ಬಾತ್‌ರೂಮ್‌ನಲ್ಲಿರುವಾಗ ನೆಲ ಗುಡಿಸಿ ಒರೆಸಿ ಮುಗಿಸಬೇಕು, ಅಷ್ಟೇ ಅದರ ಕೆಲಸ. ಅದಾದರೆ ಒಂದು ಫ್ಲಾಟ್‌ಗೆ ಅರ್ಧ ಗಂಟೆ ಉಳಿಯುತ್ತದೆ. ನಾವು ನೆಲ ಒರೆಸಿ, ಒಣಗಲಿ ಅಂತ ಮೆಟ್ಟಿಲ ಮೇಲೆ ಕಾಯುತ್ತಾ ಕೂತ ಭಾನುವಾರಗಳನ್ನು ನೆನೆದರೆ ಅರ್ಧ ಗಂಟೆ ಸಣ್ಣದಲ್ಲ.

ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿತ್ತು. ಮಳೆ, ಅತಿಥಿಗಳಿಲ್ಲ. ಹತ್ತು ಸಲ ಓಡಿಸಿದೆ, ಹತ್ತೂ ಸಲ ಹಾಲ್, ಬೆಡ್‌ರೂಮ್, ಅಡುಗೆಮನೆ ಮುಗಿಸಿ ಬಂತು. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗಿದ್ದೇ ತಡ, ಬೆಡ್‌ರೂಮ್ ಹೊಸ್ತಿಲ ಹತ್ತಿರ ಬಂದು, ಒಂದು ಗೇಣು ಹಿಂದೆ ಸರಿದು, ಮತ್ತೆ ಬಂದು, ಮತ್ತೆ ಸರಿದು, ಕೊನೆಗೆ ಇಂಗ್ಲಿಷ್‌ನಲ್ಲಿ 'ಕ್ಲಿಫ್ ಸೆನ್ಸರ್ ಒರೆಸಿ' ಅಂತ ಹೇಳಿ ನಿಲ್ಲತೊಡಗಿತು (ಕ್ಲಿಫ್ ಸೆನ್ಸರ್ ಅಂದರೆ ಮೆಟ್ಟಿಲಿಂದ ಬೀಳದಂತೆ ಕೆಳಗೆ ನೆಲವಿದೆಯಾ ಅಂತ ನೋಡುವ ರೋಬೊನ ಕಣ್ಣು). ಅಕ್ಕನ ಫೋನ್ ಬರುತ್ತಿತ್ತು: "ಸರ, ನಿಮ್ಮ ಮಷೀನು ಹೊಸಲಿಗೆ ಬಂದು ಗೋಣು ಹಾಕೇತಿ ನೋಡ್ರಿ. ಎತ್ತಿ ಒಳಗ ಇಡ್ಲೇನು?"

ಎತ್ತಿ ಇಡುವುದಾದರೆ ರೋಬೊ ಯಾಕೆ ಹೇಳಿ.

ಹೊಸ್ತಿಲು ಅಂದರೆ ಎತ್ತರದ ಹೊಸ್ತಿಲಲ್ಲ. ಬಿಲ್ಡರ್ ಹಾಲ್‌ಗೂ ಬೆಡ್‌ರೂಮ್‌ಗೂ ನಡುವೆ ಕೂರಿಸಿದ ಕಪ್ಪು ಗ್ರಾನೈಟ್ ಪಟ್ಟಿ, ನಾಲ್ಕು ಇಂಚು ಅಗಲ, ನೆಲಕ್ಕಿಂತ ಒಂದು ಸೆಂಟಿಮೀಟರ್ ಕೂಡ ಎತ್ತರವಿಲ್ಲ. ಕನ್ನಡಿಯ ಹಾಗೆ ಪಾಲಿಶ್. ಕಪ್ಪು ಬಣ್ಣ ಕ್ಲಿಫ್ ಸೆನ್ಸರ್‌ಗೆ ಆಗಿಬರುವುದಿಲ್ಲ ಅಂತ ನಮಗೆಲ್ಲ ಗೊತ್ತು. ಕೆಳಗೆ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಅದು ನೆಲಕ್ಕೆ ತಾಗಿ ವಾಪಸ್ ಬಂದರೆ ನೆಲವಿದೆ, ಬರದಿದ್ದರೆ ಮೆಟ್ಟಿಲು. ಕಪ್ಪು ಕಲ್ಲು ಬೆಳಕನ್ನು ನುಂಗುತ್ತದೆ. ಪಾಲಿಶ್ ಬೇರೆ ಇದ್ದರೆ ಉಳಿದ ಚೂರು ಬೆಳಕೂ ಎತ್ತಲೋ ಜಾರಿ ಹೋಗುತ್ತದೆ. ಆದರೆ ಸೆಪ್ಟೆಂಬರ್‌ನಲ್ಲಿ ಇದೇ ಕಲ್ಲನ್ನು ಹತ್ತಕ್ಕೆ ಹತ್ತು ಸಲ ದಾಟಿತ್ತಲ್ಲ? ನನ್ನ ತಲೆ ಕೆಡಿಸಿದ್ದು ಇದು. ಕಲ್ಲು ಅದೇ, ರೋಬೊ ಅದೇ. ಹಾಗಾದರೆ ಅಪ್‌ಡೇಟ್ ಕೈಕೊಟ್ಟಿದೆ ಅಂದುಕೊಂಡು ಹಳೆಯ ವರ್ಷನ್‌ಗೆ ಹೋದೆ. ವೈಫೈ ಅಂದುಕೊಂಡು ರೂಟರ್ ಜಾಗ ಬದಲಿಸಿದೆ (ಕ್ಲಿಫ್ ಸೆನ್ಸರ್‌ಗೂ ವೈಫೈಗೂ ಏನು ಸಂಬಂಧ ಅಂತ ಕೇಳಬೇಡಿ, ಆವತ್ತು ರಾತ್ರಿ 1 ಗಂಟೆಯಾಗಿತ್ತು). ಮ್ಯಾಪ್ ಅಳಿಸಿ ಹೊಸದಾಗಿ ಮಾಡಿದೆ. ರಾತ್ರಿ ಓಡಿಸಿ ನೋಡಿದರೆ ದಾಟುತ್ತದೆ. ಭಾನುವಾರ ಮಧ್ಯಾಹ್ನ ದಾಟುವುದಿಲ್ಲ. ಬಿಸಿಲಿರಬೇಕು ಅಂತ ಒಂದು ವಾರ ಪರದೆ ಮುಚ್ಚಿಸಿದೆ. ಅಕ್ಕ ಕತ್ತಲಲ್ಲಿ ಟೀಪಾಯಿಗೆ ಮೊಣಕಾಲು ಬಡಿಸಿಕೊಂಡರು. ರೋಬೊ ಆಗಲೂ ದಾಟಲಿಲ್ಲ.

ಬೆಳಕು ಯಾವಾಗಲೂ ವಾಪಸ್ ಬರುವಂತೆ ಸೆನ್ಸರ್ ಮೇಲೆ ಬಿಳಿ ಕಾಗದ ಅಂಟಿಸಿ ಅಂತ ನೀವು ಹೇಳುತ್ತೀರಿ, ಗೊತ್ತು. ಅಂಟಿಸಿದೆ. ನಮ್ಮ ಹಾಲ್‌ನಿಂದ ಸಿಟ್‌ಔಟ್‌ಗೆ ಐದು ಇಂಚು ಇಳಿಯುವ ಮೆಟ್ಟಿಲಿದೆ. ಅಲ್ಲಿಗೆ ಮ್ಯಾಪ್‌ನಲ್ಲಿ ನೋ ಗೋ ಝೋನ್ (ರೋಬೊ ಹೋಗಬಾರದ ಜಾಗ) ಹಾಕಿದ್ದೆ, ಆದ್ದರಿಂದ ಧೈರ್ಯವಾಗಿದ್ದೆ. ಅಕ್ಕ ಒರೆಸಲೆಂದು ರೋಬೊ ಎತ್ತಿ ಬೇರೆ ಕಡೆ ಇಟ್ಟರು. ಅದಕ್ಕೆ ತಾನೆಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗಿ, ಇಲ್ಲದ ಜಾಗದಲ್ಲಿ ಇಲ್ಲದ ಗೋಡೆಯನ್ನು ಗೌರವಿಸುತ್ತಾ ಗಾಳಿಗೆ ತೆರೆದಿಟ್ಟ ಬಾಗಿಲಿನಿಂದ ನೇರವಾಗಿ ಸಿಟ್‌ಔಟ್‌ಗೆ ಧುಮುಕಿತು. ಬಂಪರ್‌ನ ಒಂದು ಕೊಕ್ಕೆ ಮುರಿಯಿತು. ಲೈಡಾರ್ ಬದುಕಿದ್ದು ದೊಡ್ಡದು. ಕಾಗದ ಕಿತ್ತು ಹಾಕಿದೆ. ಮೆಟ್ಟಿಲಿರುವ ಮನೆಯಲ್ಲಿ ರೋಬೊನ ಕಣ್ಣು ಕಟ್ಟಬೇಡಿ, ಅಷ್ಟು ಹೇಳಬಲ್ಲೆ.

ಬಂಪರ್ ವಿಷಯಕ್ಕೆ ಬಂದರೆ ನನ್ನ ಬಿಪಿ ಏರುತ್ತದೆ. ಆನ್‌ಲೈನ್ ಅಂಗಡಿಯೊಂದಕ್ಕೆ ಬಂಪರ್ ಮತ್ತು ಸೈಡ್ ಬ್ರಷ್ ಆರ್ಡರ್ ಮಾಡಿದೆ. ಬಂದದ್ದು ಬೇರೆ ಮಾಡೆಲ್‌ನ ಬ್ರಷ್, ಬಂಪರ್ ಇಲ್ಲವೇ ಇಲ್ಲ. ಫೋನ್ ಮಾಡಿದರೆ 'ಎಲ್ಲಾ ಒಂದೇ ಸರ್, ಸ್ವಲ್ಪ ಒತ್ತಿ ಹಾಕಿ' ಅಂದರು. ಒತ್ತಿ ಹಾಕಲು ಇದೇನು ಕುಕ್ಕರ್ ಮುಚ್ಚಳವೇ? ತೊಳೆಯಬಹುದು ಅಂತ ಮಾರಿದ ಫಿಲ್ಟರ್ ಒಂದೇ ತೊಳೆತಕ್ಕೆ ಹಪ್ಪಳದ ಹಾಗೆ ಮುದುಡಿತು. ಕೊಕ್ಕೆಯನ್ನು ಕೊನೆಗೆ ನಾನೇ ಎರಡು ಪದರ ಎಂ-ಸೀಲ್ ಹಾಕಿ ಕೂರಿಸಿದ್ದೇನೆ. ನೋಡಲು ಕಜ್ಜಿ ಎದ್ದ ಹಾಗಿದೆ, ಕೆಲಸ ಮಾಡುತ್ತಿದೆ.

ದೀಪಾವಳಿ ದಿನ ಸುಳಿವು ಸಿಕ್ಕಿತು. ಆವತ್ತು ಬೆಳಗ್ಗೆ ಒಂದು ಗುಂಪು ಹೊರಟಿತ್ತು, ಸಂಜೆ ಇನ್ನೊಂದು ಬರುವುದಿತ್ತು. ನಾನು ಹುಬ್ಬಳ್ಳಿಯಲ್ಲಿ ಅಮ್ಮನ ಮನೆಯಲ್ಲಿದ್ದೆ. ಮ್ಯಾಪ್ ತೆಗೆದು ನೋಡಿದರೆ ರೋಬೊ ಬೆಡ್‌ರೂಮ್ ಒಳಗಿದೆ! ಅಕ್ಕನೇ ಎತ್ತಿಟ್ಟಿರಬೇಕು ಅಂದುಕೊಂಡು ಫೋನ್ ಮಾಡಿದೆ. ಇಲ್ಲ, ತಾನೇ ಹೋಯಿತಂತೆ. ಖುಷಿಯಲ್ಲಿ ಎರಡು ಹೋಳಿಗೆ ಜಾಸ್ತಿ ತಿಂದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎರರ್. ಈ ಸಲ ಬೆಡ್‌ರೂಮ್ ಒಳಗಿನಿಂದ ಹೊರಗೆ ಬರಲು ಆಗುತ್ತಿಲ್ಲ. ಹೋಗುವಾಗ ಇದ್ದ ನೆಲ ಬರುವಾಗ ಎಲ್ಲಿ ಹೋಯಿತು?

"ಅಕ್ಕಾರ, ಇವತ್ತು ಹೊಸ್ತಿಲಿಗೆ ಏನಾದರೂ ಮಾಡಿದ್ರಾ?"

"ಏನಿಲ್ರಿ ಸರ. ಹಬ್ಬದ ದಿನ ಹೊಸಲು ಬರಿದು ಇರಬಾರದು ಅಂತ ಎಲ್ಲಾ ಕಡೆ ಒಂದೀಟು ರಂಗೋಲಿ ಹಾಕಿದ್ದೆ. ಚಾದರ ತಗೊಂಡು ಓಡಾಡೋದ್ರಾಗ ಕಾಲಾಗ ತುಳಿದು ಹರವಿ ಹೋತು. ಉಳಿದದ್ದನ್ನ ನಿಮ್ಮ ಮಷೀನು ತಿಂತು."

ಫೋನ್ ಹಿಡಿದು ಹಾಗೇ ಕೂತುಬಿಟ್ಟೆ. ಕಾಲಲ್ಲಿ ಹರಡಿದ ರಂಗೋಲಿ ಪುಡಿ ಕಪ್ಪು ಕಲ್ಲಿನ ಮೇಲೆ ತೆಳುವಾಗಿ ಬಿಳಿ ಬಳಿದಂತೆ ಆಗಿದೆ. ರೋಬೊಗೆ ನೆಲ ಕಂಡಿದೆ, ದಾಟಿದೆ. ದಾಟುತ್ತಾ ಸೇತುವೆಯನ್ನೇ ನುಂಗಿದೆ! ವಾಪಸ್ ಬರುವಾಗ ಮತ್ತೆ ಕಪ್ಪು ಪ್ರಪಾತ. (ರಂಗೋಲಿ ಪುಡಿ ಅಂದರೆ ಕಲ್ಲಿನ ಪುಡಿ. ಫಿಲ್ಟರ್ ಮಡಿಕೆಗಳಲ್ಲಿ ಅದು ಕೂತ ಪರಿ ನೋಡಬೇಕಿತ್ತು. ಹಳೆಯ ಬ್ರಷ್‌ನಿಂದ ಅರ್ಧ ಗಂಟೆ ತಟ್ಟಿದೆ, ಇನ್ನೂ ಬರುತ್ತಲೇ ಇತ್ತು.)

ಇಷ್ಟಾದರೂ ಸೆಪ್ಟೆಂಬರ್ ಪ್ರಶ್ನೆ ಹಾಗೇ ಉಳಿದಿತ್ತು. ರಂಗೋಲಿ ಇಲ್ಲದೆ ಆಗ ಹೇಗೆ ದಾಟಿತು? ಊರಿಂದ ಬಂದ ರಾತ್ರಿ, ಸತ್ತುಹೋದ ಹಳೆಯ ರೋಬೊನಿಂದ ಒಂದು ಕ್ಲಿಫ್ ಸೆನ್ಸರ್ ಕಿತ್ತು ಇಎಸ್‌ಪಿ 32 ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಕಟ್ಟಿದೆ. ಸೆನ್ಸರ್ ಜೀವಂತ ಇದೆಯಾ ಅಂತ ನೋಡಲು ಫೋನಿನ ಮುಂದಿನ ಕ್ಯಾಮರಾ ಹಿಡಿಯಿರಿ, ಎಲ್‌ಇಡಿ ನೇರಳೆ ಬಣ್ಣದಲ್ಲಿ ಮಿಣುಕುತ್ತದೆ. ಹಿಂದಿನ ಕ್ಯಾಮರಾದಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ನೆಲದಿಂದ ಒಂದೇ ಎತ್ತರದಲ್ಲಿ ಇರಲಿ ಅಂತ ಎರಡು ಐದು ರೂಪಾಯಿ ನಾಣ್ಯದ ಮೇಲೆ ಕೂರಿಸಿ ಅಳೆದೆ. ವಾಪಸ್ ಬಂದ ಬೆಳಕು ಹೆಚ್ಚಿದಷ್ಟೂ ಅಂಕಿ ಹೆಚ್ಚು, 4095 ಗರಿಷ್ಠ ಅಂದುಕೊಳ್ಳಿ. ಬಿಳಿ ಟೈಲ್ ಮೇಲೆ 2900 ಹತ್ತಿರ. ಬರೀ ಗ್ರಾನೈಟ್ ಮೇಲೆ 640. ರಂಗೋಲಿ ಪುಡಿ ಸವರಿದ ಗ್ರಾನೈಟ್ ಮೇಲೆ 1900. ಆಮೇಲೆ, ಯಾಕೋ ಅನುಮಾನ ಬಂದು, ರೋಬೊನ ಡಬ್ಬಿಯಿಂದ ಭಾನುವಾರದ ಧೂಳು ಸ್ವಲ್ಪ ತೆಗೆದು ಸೆನ್ಸರ್‌ನ ಗಾಜಿನ ಮೇಲೆ ಬೆರಳಲ್ಲಿ ಸವರಿದೆ. ಗ್ರಾನೈಟ್ 310ಕ್ಕೆ ಇಳಿಯಿತು. ಟೈಲ್ ಕೂಡ ಇಳಿಯಿತು, ಆದರೆ ಅದಕ್ಕೆ ಇಳಿಯಲು ಬೇಕಾದಷ್ಟು ಜಾಗವಿತ್ತು.

ಎರಡು ಸೇರಿ ಆದ ಕೆಲಸ ಇದು. ಗ್ರಾನೈಟ್ ಮೊದಲಿನಿಂದಲೂ ಅಂಚಿನಲ್ಲೇ ಇತ್ತು, ಸೆನ್ಸರ್ ಶುಭ್ರವಾಗಿದ್ದರೆ ಕಷ್ಟಪಟ್ಟು ಪಾಸ್. ಮಳೆಗಾಲದ ಪರೀಕ್ಷೆಯಲ್ಲಿ, ರಾತ್ರಿಯ ಪರೀಕ್ಷೆಯಲ್ಲಿ ನೆಲವೂ ಶುಭ್ರ, ಸೆನ್ಸರೂ ಶುಭ್ರ. ಭಾನುವಾರದ ಹಾಲ್ ಬೇರೆಯೇ ಲೋಕ: ಬೀಚಿನ ಮರಳು, ದಾರಿಯ ಕೆಂಪು ಮಣ್ಣು, ಸನ್‌ಸ್ಕ್ರೀನ್ ಜಿಡ್ಡು, ಮೇಲೆ ಸಮುದ್ರದ ತೇವ. ಸೈಡ್ ಬ್ರಷ್ ಎಬ್ಬಿಸಿದ ನಯವಾದ ಧೂಳು ಆ ಜಿಡ್ಡಿನ ಜೊತೆ ಸೆನ್ಸರ್ ಗಾಜಿಗೆ ಮೆತ್ತಿಕೊಳ್ಳುತ್ತದೆ. ಹಾಲ್ ಮುಗಿಸಿ ಹೊಸ್ತಿಲಿಗೆ ಬರುವಷ್ಟರಲ್ಲಿ ರೋಬೊ ಅರೆಗುರುಡ. ನಾನು ಪ್ರತಿ ಸಲ ಎರರ್ ಆದಾಗ ಮೊದಲು ಎಲ್ಲ ಒರೆಸಿ, ಆಮೇಲೆ ರಾತ್ರಿ ಪರೀಕ್ಷೆ ಮಾಡುತ್ತಿದ್ದೆ. ಹೇಗೆ ಸಿಗಬೇಕು?

ಅದು ಮೊದಲ ದಿನದಿಂದ ಬಾಯಿಬಿಟ್ಟು ಹೇಳುತ್ತಲೇ ಇತ್ತಲ್ಲ, 'ಕ್ಲಿಫ್ ಸೆನ್ಸರ್ ಒರೆಸಿ' ಅಂತ! ಯಾವುದೇ ತೊಂದರೆಗೂ ಅದನ್ನೇ ಹೇಳುತ್ತದೆ ಅಂತ ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು.

ಇಲ್ಲಿಂದ ಮುಂದೆ ಸುಲಭ. ರೋಬೊನ ಕಣ್ಣಿಗೆ ಬಿಳಿ ಕಾಗದ ಬೇಡ, ಕಲ್ಲಿಗೇ ಬಿಳಿ ಬೇಕು. ಮಾರ್ಕೆಟ್‌ನಲ್ಲಿ ರಂಗೋಲಿ ಸ್ಟಿಕರ್ ಸಿಗುತ್ತದಲ್ಲ, ಉದ್ದ ಪಟ್ಟಿಯದು, ಅದನ್ನು ತಂದು ಹೊಸ್ತಿಲ ಉದ್ದಕ್ಕೂ ಅಂಟಿಸಿದೆ. ಸಣ್ಣ ಎಳೆಯ ರಂಗೋಲಿ ಸಾಲದು, ಎಳೆಗಳ ನಡುವಿನ ಕಪ್ಪಿನಲ್ಲಿ ಒಂದು ಸೆನ್ಸರ್ ಬಿದ್ದರೂ ಮತ್ತೆ ನಿಲ್ಲುತ್ತದೆ. ಬಿಳಿ ತುಂಬಿದ ಕಮಲಗಳು ಒತ್ತೊತ್ತಾಗಿ ಇರುವುದನ್ನು ಆರಿಸಿದೆ. ಜೊತೆಗೆ ಗುಡಿಸುವ ಕ್ರಮ ಬದಲಿಸಿದೆ: ಮೊದಲು ಬೆಡ್‌ರೂಮ್ ಸೆಗ್ಮೆಂಟ್, ಆಮೇಲೆ ಅಡುಗೆಮನೆ, ಮರಳಿನ ಹಾಲ್ ಕೊನೆಗೆ. ಅಕ್ಕ ಶುರು ಮಾಡುವ ಮೊದಲು ಒಣ ಬಟ್ಟೆಯಲ್ಲಿ ರೋಬೊನ ಹೊಟ್ಟೆ ಒಮ್ಮೆ ಒರೆಸುತ್ತಾರೆ, ಹತ್ತು ಸೆಕೆಂಡಿನ ಕೆಲಸ. ಬಾಗಿಲಲ್ಲಿ ನಾರಿನ ಕಾಲೊರಸನ್ನು ತೆಗೆದೆ, ಅದರ ಅಂಚಿನ ಎಳೆ ಬ್ರಷ್‌ಗೆ ಸುತ್ತಿಕೊಳ್ಳುತ್ತಿತ್ತು.

ನಿನ್ನೆ ಎರಡೂ ಫ್ಲಾಟ್ 1:25ಕ್ಕೆ ಮುಗಿದವು. ಹಿಂದಿನ ಭಾನುವಾರ ಅತಿಥಿಗಳು ಗೇಟಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತಾಗ ನಾನು ಒದ್ದೆ ನೆಲಕ್ಕೆ ಫ್ಯಾನ್ ಹಿಡಿದಿದ್ದೆ. ನಿನ್ನೆ ಬಂಗಡೆ ಫ್ರಿಜ್‌ನಲ್ಲಿಟ್ಟು, ಬಂದ ವಿದೇಶಿ ದಂಪತಿಯ ಸಿ ಫಾರ್ಮ್ (ವಿದೇಶಿಯರು ತಂಗಿದ್ದನ್ನು ಸರ್ಕಾರಕ್ಕೆ ತಿಳಿಸುವುದು) ತುಂಬಿ (24 ಗಂಟೆಯೊಳಗೆ ಹಾಕಬೇಕು, ನಾನು ಯಾವಾಗಲೂ ರಾತ್ರಿ ಹನ್ನೊಂದಕ್ಕೆ ನೆನಪಾಗಿ ಏಳುವವನು), ಊಟಕ್ಕೂ ಕೂತೆ.

ಈಗ ತಲೆಯಲ್ಲಿ ಇನ್ನೊಂದು ಹುಳ. ವ್ಯಾಲೆಟುಡೊದಲ್ಲಿ ಬೇರೆ ವಾಯ್ಸ್ ಪ್ಯಾಕ್ ಹಾಕಬಹುದು. ಆ ಇಂಗ್ಲಿಷ್ ಹೆಂಗಸಿನ ದನಿಯನ್ನು ನಾನು ಎರಡು ತಿಂಗಳು ಕೇಳಿಸಿಕೊಳ್ಳಲಿಲ್ಲ, ಅಕ್ಕನ ದನಿಯಾಗಿದ್ದರೆ ಮೊದಲ ದಿನವೇ ಎದ್ದು ಒರೆಸುತ್ತಿದ್ದೆ. 'ಸರ, ಸಿಕ್ಕೊಂಡೀನ್ರಿ, ಬರ್ರಿ', 'ಹೊಟ್ಟಿ ತುಂಬೇತಿ, ಡಬ್ಬಿ ಖಾಲಿ ಮಾಡ್ರಿ' ಅಂತ ಒಂದಿಷ್ಟು ಬರೆದು ಕೊಟ್ಟಿದ್ದೇನೆ. ಅಕ್ಕ ನಕ್ಕು ನಕ್ಕು ಎರಡನೇ ಸಾಲಿಗೇ ರೆಕಾರ್ಡಿಂಗ್ ನಿಂತಿದೆ. ರೊಕ್ಕ ಎಷ್ಟು ಕೊಡ್ತೀರಿ ಅಂತಲೂ ಕೇಳಿದರು, ಸರಿಯಾದ ಪ್ರಶ್ನೆ, ಇನ್ನೂ ಮಾತುಕತೆ ನಡೆದಿದೆ. ಅದು ಮುಗಿದ ಮೇಲೆ ಲಾಂಡ್ರಿ ಚೀಲದ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಮತ್ತು ಅದನ್ನು ಓದುವ ಎಚ್‌ಎಕ್ಸ್ 711 ಚಿಪ್ ಕೂರಿಸುವ ಯೋಚನೆ ಇದೆ. ಟವೆಲ್ ಹೋಗುವಾಗ ಹನ್ನೆರಡು, ಬರುವಾಗ ಹನ್ನೊಂದು, ಲಾಂಡ್ರಿಯವನು ಹನ್ನೊಂದೇ ಕೊಟ್ಟಿದ್ದು ಅನ್ನುತ್ತಾನೆ. ತೂಕ ಸುಳ್ಳು ಹೇಳುವುದಿಲ್ಲ ಅಂದುಕೊಂಡಿದ್ದೇನೆ. ಒದ್ದೆ ಟವೆಲ್ ಹೇಳುತ್ತದೆ ಅಂತ ಹೆಂಡತಿ ಈಗಾಗಲೇ ಹೇಳಿದ್ದಾಳೆ.

ಉಳಿದ ತೊಂದರೆ ಒಂದೇ. ಒದ್ದೆ ಮಾಪ್ ಎರಡು ಸಲ ಉಜ್ಜಿದ್ದಕ್ಕೆ ಸ್ಟಿಕರ್‌ನ ಒಂದು ಮೂಲೆ ಈಗಲೇ ಏಳುತ್ತಿದೆ. ಫೆವಿಕ್ವಿಕ್ ಹಾಕಲು ಹೊರಟಿದ್ದೆ, ಅಕ್ಕ ಬೇಡ ಅಂದರು. ಬರುವ ಶುಕ್ರವಾರ ಬುಕಿಂಗ್ ಇಲ್ಲ, ಅವರೇ ಬಿಳಿ ಆಯಿಲ್ ಪೇಂಟ್‌ನಲ್ಲಿ ಎರಡೂ ಫ್ಲಾಟಿನ ಹೊಸ್ತಿಲು ಬರೆದುಕೊಡುತ್ತಾರಂತೆ. ನಾನು ಸ್ಕೇಲ್ ಹಿಡಿದು, ಸೆನ್ಸರ್ ನಡುವಿನ ಅಂತರ ಅಳೆದು, ಎಲ್ಲೆಲ್ಲಿ ಬಿಳಿ ಬರಬೇಕು ಅಂತ ಕಾಗದದಲ್ಲಿ ನಕ್ಷೆ ಮಾಡಿ ಕೊಟ್ಟೆ. ಅಕ್ಕ ಅದನ್ನು ಉಲ್ಟಾ ಹಿಡಿದು ನೋಡಿ, ಮಡಚಿ, ಪೇಂಟ್ ಡಬ್ಬಿಯ ಕೆಳಗೆ ಹಾಸಿದರು.