ಅಪ್ಪ ಏನೂ ಮುಟ್ಟಲಿಲ್ಲ

ಸಾಗರದ ಮನೆಯಲ್ಲಿ ಅಪ್ಪನ ಲ್ಯಾಪ್‌ಟಾಪಿಗೆ ನಾನು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಆಗಷ್ಟೇ ಬಂದಿದ್ದ 20.04 ಆವೃತ್ತಿ. ಆ ಸಂಖ್ಯೆಯಲ್ಲೇ ಅದರ ಜಾತಕ ಇದೆ: 2020ನೇ ಇಸವಿ, ನಾಲ್ಕನೇ ತಿಂಗಳು. ಅಂಚೆ ಕೆಲಸದಿಂದ ನಿವೃತ್ತರಾಗಿ ಅಪ್ಪನಿಗೆ ಒಂದು ವರ್ಷ ಆಗಿತ್ತು. ಹೊತ್ತು ಹೋಗಲಿ ಅಂತ ಕೆ.ಪಿ. ರಾವ್ ಅವರು ರೂಪಿಸಿದ ಕಗಪ ಕೀಲಿಮಣೆಯಲ್ಲಿ ಟೈಪ್ ಮಾಡೋದು ಹೇಳಿಕೊಟ್ಟೆ. ಹದಿನೈದು ದಿನದಲ್ಲಿ ಕೈ ಕೂತಿತು. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಮಳೆಗಾಲದಲ್ಲಿ ಹೊಳೆ ದಾಟಿ ಕಾಗದ ಮುಟ್ಟಿಸಿದ್ದು, ಓದಲು ಬಾರದವರಿಗೆ ಮನಿಯಾರ್ಡರಿನ ಚೀಟಿ ಓದಿ ಹೇಳಿದ್ದು, ಎಲ್ಲ ಬರೆದಿಟ್ಟಿದ್ದಾರೆ. ಒಟ್ಟು 61 ಫೈಲು.

ಐದು ವರ್ಷದ ಅವಧಿ ಮುಗಿದು, 2025ರ ಮೇ ತಿಂಗಳಿಗೆ 20.04ಕ್ಕೆ ಬರುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್ ನಿಂತಿತು. ಅಪ್ಪ ಪಿಂಚಣಿ ನೋಡೋದು, ಕರೆಂಟ್ ಬಿಲ್ ಕಟ್ಟೋದು ಇದರಲ್ಲೇ. ಹಾಗೇ ಬಿಡೋದು ಸರಿಯಲ್ಲ ಅನ್ನಿಸಿ ಜುಲೈನ ಒಂದು ಭಾನುವಾರ 22.04ಕ್ಕೆ ಏರಿಸಲು ಕೂತೆ. 24.04 ಆಗಲೇ ಬಂದಿತ್ತು, ಆದರೆ ನೇರ ಅಲ್ಲಿಗೆ ಹಾರಲು ಬರುವುದಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹತ್ತಬೇಕು.

ಬೆಳಿಗ್ಗೆ ಒಂಬತ್ತಕ್ಕೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಅಪ್‌ಗ್ರೇಡ್ ಶುರು ಮಾಡಿದೆ. ಡೌನ್‌ಲೋಡ್ ಮುಗಿಯುವಾಗ ಹನ್ನೊಂದು ದಾಟಿತ್ತು. ಇನ್‌ಸ್ಟಾಲ್ ಆಗುವುದು ಶುರುವಾಗಿ ಪರದೆಯ ಮೇಲೆ ಸಾಲುಗಳು ಸರಸರ ಓಡತೊಡಗಿದವು. ಅವತ್ತು ಹತ್ತಿರದ ನೆಂಟರ ಮನೆಯಲ್ಲಿ ಗೃಹಪ್ರವೇಶ. ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಇದು ತನ್ನಷ್ಟಕ್ಕೆ ಆಗುತ್ತೆ. ನೀವು ಏನೂ ಮುಟ್ಟಬೇಡಿ" ಅಂತ ಹೇಳಿ ಹೊರಟೆ.

ವಾಪಸ್ ಬರುವಾಗ ಮೂರು ಗಂಟೆ. ಜೋರು ಮಳೆ. ಮನೆಯಲ್ಲಿ ಕರೆಂಟಿಲ್ಲ. ಅಪ್ಪ ಕಪ್ಪು ಪರದೆಯ ಮುಂದೆ ಕುರ್ಚಿಯಲ್ಲಿ ಹಾಗೇ ಕೂತಿದ್ದರು.

"ಎಷ್ಟು ಹೊತ್ತಾಯ್ತು ಅಪ್ಪ?"

"ಇಪ್ಪತ್ತು ನಿಮಿಷ. ಆದರೆ ಅದು ಮೊದಲೇ ನಿಂತಿತ್ತು ಪುಟ್ಟಿ. ಹನ್ನೆರಡೂವರೆಯಿಂದ ಒಂದು ಸಾಲೂ ಮುಂದೆ ಹೋಗಲಿಲ್ಲ. ನೀನು ಮುಟ್ಟಬೇಡಿ ಅಂದಿದ್ದೆಯಲ್ಲ, ಮುಟ್ಟಲಿಲ್ಲ."

ಆ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡಿತ್ತು ಅಂತ ತೆಗೆದಿಟ್ಟು ಎರಡು ವರ್ಷ ಆಗಿತ್ತು. ಚಾರ್ಜರ್ ಮೇಲೇ ನಡೆಯುತ್ತಿತ್ತು. ಮನೆಯ ಇನ್ವರ್ಟರ್‌ನಲ್ಲಿ ಎರಡು ದೀಪ, ಒಂದು ಫ್ಯಾನು ಬಿಟ್ಟರೆ ಬೇರೇನೂ ನಡೆಯಲ್ಲ. ಅಂದರೆ ಅಪ್‌ಗ್ರೇಡ್ ಅರ್ಧದಲ್ಲಿರುವಾಗಲೇ ಮಷೀನು ಆರಿಹೋಗಿದೆ. ಪೆನ್‌ಡ್ರೈವಿನಲ್ಲಿದ್ದ ಬ್ಯಾಕಪ್ ಯುಗಾದಿಗೆ ಬಂದಾಗ ಮಾಡಿದ್ದು. ಆಮೇಲೆ ಅಪ್ಪ ಬರೆದಿದ್ದೆಲ್ಲ ಆ ಒಂದು ಡಿಸ್ಕಿನಲ್ಲಿ ಮಾತ್ರ. ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅಪ್ಪನಿಗೆ ಹೇಳಲಿಲ್ಲ.

ಆರೂವರೆಗೆ ಕರೆಂಟ್ ಬಂತು. ಆನ್ ಮಾಡಿದರೆ ಲೋಗೊ ಬಂದು ಅಲ್ಲೇ ಸುತ್ತುತ್ತಾ ನಿಂತಿತು. ಹತ್ತು ನಿಮಿಷ ಕಾದೆ. ಮತ್ತೆ ಆಫ್ ಮಾಡಿ, ಆನ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದೆ. ಯಾವುದರಿಂದ ಶುರು ಮಾಡಲಿ ಅಂತ ಕೇಳುವ ಗ್ರಬ್ ಮೆನು ಬಂತು. ಅದರೊಳಗೆ ಉಬುಂಟುವಿನ ತಿರುಳಾದ ಹಳೆಯ ಕರ್ನೆಲ್‌ನ ರಿಕವರಿ ಮೋಡ್ (ಕೆಟ್ಟಾಗ ರಿಪೇರಿಗೆ ಇರುವ ದಾರಿ) ಆರಿಸಿ, ಎಲ್ಲ ಅಧಿಕಾರವೂ ಇರುವ ರೂಟ್ ಶೆಲ್‌ಗೆ ಇಳಿದೆ. ಅಲ್ಲಿ ಮೌಸ್ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ ಅಷ್ಟೇ.

ರಿಪೇರಿಗೆ ಕೈ ಹಾಕುವ ಮೊದಲು ಅಪ್ಪನ ಫೈಲು ಹೊರಗೆ ತೆಗೀಬೇಕು ಅಂತ ಗಟ್ಟಿ ಮಾಡಿಕೊಂಡೆ. ಪೆನ್‌ಡ್ರೈವ್ ಮೌಂಟ್ ಮಾಡಿ, ಅಂದರೆ ಸಿಸ್ಟಂಗೆ ಕಾಣುವಂತೆ ಜೋಡಿಸಿ, ಅವರ ಫೋಲ್ಡರ್ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಒಂದು ಫೈಲಿನ ಹೆಸರೂ ಕಾಣುತ್ತಿಲ್ಲ. ಸಾಲಾಗಿ ಬಿಳಿ ಚೌಕಗಳು. ಎಲ್ಲಾ ಹಾಳಾಯಿತು ಅಂತಲೇ ಅಂದುಕೊಂಡೆ. ಒಂದು ನಿಮಿಷ ಬೇಕಾಯಿತು ನೆನಪಾಗಲು: ಅಪ್ಪ ಎಲ್ಲ ಫೈಲಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದಾರೆ, ಈ ಬರೀ ಕನ್ಸೋಲಿಗೆ ಕನ್ನಡ ಅಕ್ಷರ ತೋರಿಸಲು ಬರುವುದಿಲ್ಲ. ಹೆಸರು ಸರಿಯಾಗಿಯೇ ಇದೆ, ಕಾಣಿಸುತ್ತಿಲ್ಲ ಅಷ್ಟೇ. ಎಣಿಸಲು ಹೇಳಿದೆ. 61 ಅಂತ ಬಂತು.

"ಅಪ್ಪ, ಒಟ್ಟು ಎಷ್ಟು ಬರೆದಿದ್ದೀರಿ?"

ಅವರು ನೋಟ್‌ಬುಕ್ ತೆಗೆದು ನೋಡಿದರು. ಪ್ರತಿಯೊಂದಕ್ಕೂ ನಂಬರು, ತಾರೀಕು ಬರೆದಿಡುವುದು ಅವರ ಅಭ್ಯಾಸ. "ಅರವತ್ತೊಂದು" ಅಂದರು.

ಕಾಪಿ ಮಾಡಿ, ಪೆನ್‌ಡ್ರೈವ್ ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿ ಮೂರ್ನಾಲ್ಕು ಫೈಲು ತೆರೆದು ನೋಡಿದ ಮೇಲೇ ನನಗೆ ಸರಿಯಾಗಿ ಉಸಿರಾಡಿದ ಹಾಗಾಯಿತು. ಅಮ್ಮ ತಂದಿಟ್ಟ ಕಷಾಯ ಆಗ ಕುಡಿದೆ, ತಣ್ಣಗಾಗಿತ್ತು.

ಇನ್ನು ರಿಪೇರಿ. ಉಬುಂಟುವಿನಲ್ಲಿ ಒಂದೊಂದು ಪ್ಯಾಕೇಜೂ, ಅಂದರೆ ಪ್ರೋಗ್ರಾಮಿನ ಫೈಲುಗಳ ಒಂದೊಂದು ಕಟ್ಟೂ, ಎರಡು ಹಂತದಲ್ಲಿ ಕೂರುತ್ತದೆ. ಮೊದಲು ಕಟ್ಟು ಬಿಚ್ಚಿ ಫೈಲುಗಳನ್ನು ಅದರದರ ಜಾಗದಲ್ಲಿ ಇಡುವುದು, ಆಮೇಲೆ ಅದನ್ನು ಹೊಂದಿಸಿ ಕೆಲಸಕ್ಕೆ ಸಿದ್ಧ ಮಾಡುವುದು. ಯಾವ ಪ್ಯಾಕೇಜ್ ಯಾವ ಹಂತದಲ್ಲಿದೆ ಅನ್ನೋದನ್ನು ಡಿಪಿಕೆಜಿ ಎಂಬ ಪ್ರೋಗ್ರಾಮು ಸ್ಟೇಟಸ್ ಅನ್ನುವ ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಕರೆಂಟ್ ಹೋದರೂ ಆ ಬರಹ ಡಿಸ್ಕಿನಲ್ಲಿ ಉಳಿದಿರುತ್ತದೆ. ಇದನ್ನು ಅಪ್ಪನಿಗೆ ಹೇಳಿದೆ. ಅವರಿಗೆ ತಕ್ಷಣ ಹೊಳೆಯಿತು.

"ಚೀಲ ಬಿಚ್ಚಿ ವಿಂಗಡಿಸಿದ್ದಾರೆ, ಬಟವಾಡೆ ಆಗಿಲ್ಲ. ರಿಜಿಸ್ಟರ್‌ನಲ್ಲಿ ಎಂಟ್ರಿ ಇದೆಯಲ್ಲ? ಹಾಗಾದರೆ ಕಾಗದ ಎಲ್ಲಿಗೂ ಹೋಗಲ್ಲ."

ಅಷ್ಟು ಹೊತ್ತು ನನಗಿದ್ದ ಗಾಬರಿ ಆ ಮಾತಿಗೆ ಅರ್ಧ ಇಳಿಯಿತು. ರಿಕವರಿ ಮೋಡಿನಲ್ಲಿ ಡಿಸ್ಕು ಓದಲು ಮಾತ್ರ ತೆರೆದಿರುತ್ತದೆ, ಹಾಗಾಗಿ ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿದೆ. ಆಮೇಲೆ, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನೆಲ್ಲ ಹೊಂದಿಸು ಅನ್ನುವ ಕಮಾಂಡ್ ಕೊಟ್ಟೆ: 'ಡಿಪಿಕೆಜಿ', ಜಾಗ ಬಿಟ್ಟು ಎರಡು ಅಡ್ಡಗೆರೆ ಸೇರಿಸಿ 'ಕಾನ್ಫಿಗರ್', ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಸೇರಿಸಿ 'ಎ'. ಸಾಲುಗಳು ಮತ್ತೆ ಓಡತೊಡಗಿದವು. ಐದಾರು ನಿಮಿಷ. ಆಮೇಲೆ ಗಕ್ಕನೆ ನಿಂತವು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. "ಇದೇ ಸಾಲು. ಮಧ್ಯಾಹ್ನವೂ ಇಲ್ಲೇ ನಿಂತಿದ್ದು."

ಓದಿದೆ. ಅದು ಕೆಟ್ಟು ನಿಂತಿರಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾ ನಿಂತಿತ್ತು. "ಲಾಗಿನ್‌ಡಿ ಅನ್ನುವ ಸೆಟ್ಟಿಂಗ್ಸ್ ಫೈಲನ್ನು ನೀವು ಬದಲಾಯಿಸಿದ್ದೀರಿ. ಪ್ಯಾಕೇಜಿನ ಜೊತೆ ಅದರ ಹೊಸ ಪ್ರತಿ ಬಂದಿದೆ. ಏನು ಮಾಡಲಿ?" ಹೊಸದು ಬೇಕಿದ್ದರೆ ವೈ, ನಮ್ಮದೇ ಇರಲಿ ಅಂದರೆ ಎನ್. ಸುಮ್ನೆ ಎಂಟರ್ ಒತ್ತಿದರೂ ನಮ್ಮದೇ ಉಳಿಯುತ್ತದೆ. ಸಾಲಿನ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಮಿನುಗುವ ಕರ್ಸರ್.

ಆ ಫೈಲು ಬದಲಾಯಿಸಿದ್ದು ನಾನೇ. ಅಪ್ಪನ ಕಣ್ಣಿಗೆ ಲ್ಯಾಪ್‌ಟಾಪಿನ ಚಿಕ್ಕ ಪರದೆ ಸಾಲುತ್ತಿರಲಿಲ್ಲ. ದೊಡ್ಡ ಮಾನಿಟರ್ ಜೋಡಿಸಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೂ ಅದು ನಿದ್ದೆಗೆ ಹೋಗದಿರಲಿ ಅಂತ ಅದರಲ್ಲಿ ಒಂದು ಸಾಲು ತಿದ್ದಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ. ಅಪ್‌ಗ್ರೇಡ್ ಮಾಡುವವರು ಕೈಯಾರೆ ತಿದ್ದಿದ ಫೈಲುಗಳನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅವುಗಳ ಬಗ್ಗೆ ಮಧ್ಯದಲ್ಲಿ ಕೇಳುವ ಸಾಧ್ಯತೆ ಜಾಸ್ತಿ. ಹನ್ನೆರಡೂವರೆಯಿಂದ ಎರಡು ಗಂಟೆಗೂ ಮಿಕ್ಕಿ ಆ ಪ್ರಶ್ನೆ ಅಪ್ಪನ ಕಣ್ಣೆದುರೇ ಇತ್ತು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಮಗಳು ಮುಟ್ಟಬೇಡಿ ಅಂದಿದ್ದಾಳೆ, ಊಟದ ಹೊತ್ತಲ್ಲಿ ತೊಂದರೆ ಕೊಡೋದು ಬೇಡ ಅಂತ ಕಾದಿದ್ದಾರೆ. ನಾನು ಹೇಳಬೇಕಾಗಿದ್ದು ಒಂದೇ ಮಾತು, ನಿಂತರೆ ಕೊನೆಯ ಸಾಲು ಓದಿ ಫೋನ್ ಮಾಡಿ ಅಂತ. ಅದನ್ನು ಹೇಳದೆ ಹೋಗಿದ್ದು ನನಗೆ ಈಗಲೂ ಬೇಜಾರು.

"ಅಪ್ಪ, ಎನ್ ಒತ್ತಿ."

"ನಾನಾ?"

"ನೀವೇ. ಎನ್ ಒತ್ತಿ ಎಂಟರ್ ಹೊಡೀರಿ."

ತೋರುಬೆರಳಿನಿಂದ ನಿಧಾನ ಒತ್ತಿದರು, ಠಸ್ಸೆ ಹಾಕುವವರ ಹಾಗೆ. ಸಾಲುಗಳು ಓಡಿದವು.

ಉಳಿದ ಪ್ಯಾಕೇಜುಗಳು ಬೆಳಿಗ್ಗೆಯೇ ಇಳಿದು ಡಿಸ್ಕಿನಲ್ಲಿ ಕಾಯುತ್ತಿದ್ದವು. ಬಿಟ್ಟುಹೋದದ್ದನ್ನು ಸರಿಪಡಿಸಲು, ಪ್ಯಾಕೇಜು ತಂದು ಹಾಕುವ ಎಪಿಟಿ ಎಂಬ ಪ್ರೋಗ್ರಾಮಿಗೆ ಹೇಳಿ, ಆಮೇಲೆ ಪೂರ್ತಿ ಅಪ್‌ಗ್ರೇಡ್ ಕೊಟ್ಟೆ. ಊಟಕ್ಕೂ ಸರದಿಯಲ್ಲಿ ಎದ್ದು ಹೋದೆವು, ಒಬ್ಬರು ಪರದೆಯ ಮುಂದೆ ಇರಲೇಬೇಕು ಅಂತ. ಇನ್ನೊಮ್ಮೆ ಇಂಥದೇ ಪ್ರಶ್ನೆ ಬಂದಾಗ ಅಪ್ಪ ಅಡುಗೆಮನೆಗೆ ಕೇಳುವ ಹಾಗೆ ಕೂಗಿದರು, "ಪುಟ್ಟಿ, ಕೇಳ್ತಾ ಇದೆ ನೋಡು!"

ಹತ್ತೂಕಾಲಕ್ಕೆ ರೀಸ್ಟಾರ್ಟ್ ಮಾಡಿದೆ. ಲೋಗೊ ಸುತ್ತಿತು, ಲಾಗಿನ್ ಪರದೆ ಬಂತು. ಅಪ್ಪ ಹೊಸ ಫೈಲು ತೆರೆದು ಕಗಪಗೆ ಬದಲಿಸಿ 'ಅಂಚೆಯಣ್ಣ' ಅಂತ ಹೊಡೆದರು. ಣ, ಆಮೇಲೆ ಒತ್ತಿಗೆ ಎಫ್, ಮತ್ತೆ ಣ. ಒತ್ತಕ್ಷರ ಸರಿಯಾಗಿ ಕೂತಿತು. ಮುಚ್ಚಳ ಮುಚ್ಚಿ ನೋಡಿದರು. ದೊಡ್ಡ ಪರದೆಯಲ್ಲಿ ಅಕ್ಷರ ಹಾಗೇ ನಿಂತಿತ್ತು.

"24ಕ್ಕೆ ಯಾವಾಗ?" ಅಂತ ಕೇಳಿದರು.

"ಇದಕ್ಕೆ 2027ರವರೆಗೆ ಸಮಯ ಇದೆ ಅಪ್ಪ. ದೀಪಾವಳಿಗೆ ಬರುವಾಗ ಯುಪಿಎಸ್ ತರ್ತೀನಿ. ಆಮೇಲೆ ಮಾಡೋಣ."

ಅಪ್ಪ ನೋಟ್‌ಬುಕ್ಕಿನಲ್ಲಿ ದೀಪಾವಳಿ, ಯುಪಿಎಸ್ ಅಂತ ಬರೆದುಕೊಂಡರು. ಅದರ ಕೆಳಗೆ 62 ಅಂತ ನಂಬರ್ ಹಾಕಿ, ಅವತ್ತಿನ ತಾರೀಕು ಬರೆದರು.