ಶ್ರುತಿ ಏರಿದ ಮಗ್ಗುಲು

ಹನ್ನೊಂದು ರಾತ್ರಿಗಳ ಹುಡುಕಾಟದ ನಂತರ ಶ್ರುತಿ ಕೆಡಿಸುತ್ತಿದ್ದ ಕಳ್ಳ ಸಿಕ್ಕಿದ್ದಾನೆ. ಅವನು ರೆಕಾರ್ಡ್ ನುಡಿಸುವ ನನ್ನ ಟರ್ನ್‌ಟೇಬಲ್‌ನೊಳಗೆ ಇರಲೇ ಇಲ್ಲ!

ಋತು ಬದಲಾದಾಗಲೆಲ್ಲ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಲ್‌ಪಿಯನ್ನು ಹೊರತೆಗೆದು ಇಡಿಯಾಗಿ ಕೇಳುವುದು ನನಗೆ ವ್ರತವಿದ್ದ ಹಾಗೆ. ಚಳಿ ಕಾಲಿಟ್ಟ ವಾರ ಮೊದಲ ಸಲ ಕೀಬೋರ್ಡ್ ಪಕ್ಕದಲ್ಲಿಟ್ಟುಕೊಂಡು ಜೊತೆಗೆ ನುಡಿಸಿದೆ. ರೆಕಾರ್ಡಿನ ಮೊದಲ ಮಗ್ಗುಲು ಕೀಬೋರ್ಡಿನ ಶ್ರುತಿಗೆ ಸರಾಗವಾಗಿ ಕೂಡಿತು. ತಿರುವಿ ಹಾಕಿದರೆ ಎರಡನೆಯ ಮಗ್ಗುಲಿನ ಶ್ರುತಿ ಇಳಿದಿತ್ತು.

ವೇಗ ಅಳೆಯಲೆಂದು ಒಂದೇ ಸ್ವರ ಮುದ್ರಿಸಿದ ಪರೀಕ್ಷಾ ರೆಕಾರ್ಡ್ ಹಾಕಿದೆ. 3150 ಹರ್ಟ್ಜ್ ಬರಬೇಕಾದಲ್ಲಿ 3112. ಚಳಿಗೆ ಬೇರಿಂಗ್ ಎಣ್ಣೆ ಮಂದವಾಗಿತ್ತು, ಹಳೆಯ ಬೆಲ್ಟ್ ಬಿರುಸಾಗಿತ್ತು. ಬೆಲ್ಟ್ ತರಿಸಿದ ಕಥೆಯೇ ಬೇರೆ: ‘ನಿಮ್ಮ ಮಾದರಿಗೆ ಹೊಂದುತ್ತದೆ’ ಎಂದು ಬಣ್ಣಿಸಿದ ಮಾರಾಟಗಾರ ಎರಡು ಸಲವೂ ಉದ್ದದ್ದನ್ನೇ ಕಳುಹಿಸಿದ. ಬೆಲ್ಟ್ ಮಾರುವವರು ಒಳಸುತ್ತಳತೆಯನ್ನು ಬರೆಯುವುದಕ್ಕೆ ಯಾಕಿಷ್ಟು ಹಿಂಜರಿಯುತ್ತಾರೋ! ಮೂರನೆಯದು ಸರಿಹೋಯಿತು. ಎಣ್ಣೆ ಬದಲಿಸಿ, ಮೋಟರಿನ ವೇಗದ ಸ್ಕ್ರೂ ತಿರುಗಿಸಿ 3150ಕ್ಕೆ ತಂದು ನಿಲ್ಲಿಸಿದೆ.

ಈಗ ಎರಡನೆಯ ಮಗ್ಗುಲು ಕರಾರುವಾಕ್ಕು. ಮೊದಲನೆಯದರ ಶ್ರುತಿ ಏರಿತ್ತು!

ಅಲ್ಲಿಂದ ಶುರುವಾಯಿತು ಪರದಾಟ. ಸ್ಕ್ರೂ ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಮೊದಲ ಮಗ್ಗುಲು ಕೂಡುತ್ತದೆ, ಎರಡನೆಯದು ಕುಸಿಯುತ್ತದೆ. ಮುಂದಕ್ಕೆ ತಿರುಗಿಸಿದರೆ ಅದರ ತದ್ವಿರುದ್ಧ. ಸೂಜಿಯ ಭಾರ ನೋಡಿದೆ, ರೆಕಾರ್ಡಿನ ನಡುತೂತು ನೋಡಿದೆ. ನಡುತೂತು ಓರೆಯಾಗಿದ್ದರೆ ಸ್ವರ ತೂಗಾಡಬೇಕಿತ್ತು. ಇಲ್ಲಿ ಶ್ರುತಿ ತೋರುವ ಟ್ಯೂನರಿನ ಮುಳ್ಳು ಏರುಶ್ರುತಿಯ ಕಡೆಗೆ, ಬಲಕ್ಕೆ ವಾಲಿ ಅಲ್ಲೇ ನಿಂತಿತ್ತು. ಬಲ್ಲವರೊಬ್ಬರಿಗೆ ಕರೆ ಮಾಡಿ ಗೋಳು ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮದು 1992ಕ್ಕಿಂತ ಹಿಂದಿನ ಮುದ್ರಣವೇ?”

ಹೌದು, ಹಳೆಯದೇ. ಈ ಆಲ್ಬಮ್ ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡು ಸಲ ಕುಳಿತು ಧ್ವನಿಮುದ್ರಿಸಿದ್ದು. ಮೊದಲ ದಿನದ ಮೂರು ಕೃತಿಗಳೇ ಮೊದಲ ಮಗ್ಗುಲು. ಅಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ತುಂಬಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರಲೇಬೇಕು. ಜೊತೆಯಲ್ಲಿ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ 1992ರ ಮರುಬಿಡುಗಡೆಯಲ್ಲಿ ಅದನ್ನು ಸರಿಪಡಿಸಿದರು. ನನ್ನ ನಿಧಾನದ ಟರ್ನ್‌ಟೇಬಲ್ ಆ ಹಳೆಯ ತಪ್ಪನ್ನು ತಾನಾಗಿಯೇ ತಿದ್ದುತ್ತಿತ್ತು. ನಾನು ರಿಪೇರಿ ಮಾಡಿ ಅದನ್ನು ಬಯಲಿಗೆಳೆದೆ.

ಇದು ತಿಳಿದ ಮೇಲೆ ನನಗೆ ಆ ಆಲ್ಬಮ್ ಮೇಲಿನ ಅಕ್ಕರೆ ಇನ್ನೂ ಹೆಚ್ಚಿದೆ. ಮಾರ್ಚ್ ಮೊದಲಲ್ಲಿ ಅಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಏಪ್ರಿಲ್ ಕೊನೆಗೆ ವಸಂತ. ಒಂದೊಂದು ಮಗ್ಗುಲಿಗೆ ಒಂದೊಂದು ಋತು ಎಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕುಳಿತಿದೆ: ಮೋಟರಿಗೆ ಎರಡು ಗುಂಡಿಗಳ ಪುಟ್ಟ ಸರ್ಕ್ಯೂಟ್. ಒಂದು ಗುಂಡಿ ನಿಮಿಷಕ್ಕೆ 33⅓ ಸುತ್ತಿನ ಸರಿಯಾದ ವೇಗಕ್ಕೆ, ಇನ್ನೊಂದು ಈ ಮೊದಲ ಮಗ್ಗುಲಿಗೆಂದೇ. ಅರ್ಧ ನಕ್ಷೆ ಬರೆದಾಗಿದೆ. ವೇಗ ಅಳೆಯಲು ರೆಕಾರ್ಡ್ ಹೊತ್ತು ತಿರುಗುವ ತಟ್ಟೆಯಡಿ ಆಯಸ್ಕಾಂತ ಅಂಟಿಸುವುದೋ, ಬೆಳಕಿನ ಸಂವೇದಕ ಇಡುವುದೋ ಎಂಬುದಷ್ಟೇ ತೀರ್ಮಾನವಾಗಿಲ್ಲ. ಆಯಸ್ಕಾಂತ ಸೂಜಿ ಹಿಡಿದ ಕಾರ್ಟ್ರಿಡ್ಜ್‌ಗೆ ಗುಂಯ್‌ಗುಡುವ ಸದ್ದು ಹತ್ತಿಸೀತೆಂಬ ಅಂಜಿಕೆ.

ನಿನ್ನೆ ರಾತ್ರಿ ಸ್ಕ್ರೂ ಹಿಂದಕ್ಕೆ ತಿರುಗಿಸಿ ಮೊದಲ ಮಗ್ಗುಲು ಹಾಕಿದೆ. ತಟ್ಟೆಯಂಚಿನಲ್ಲಿ ವೇಗ ತೋರುವ ಸ್ಟ್ರೋಬ್ ಚುಕ್ಕೆಗಳು ಮೆಲ್ಲಗೆ ಹಿಂದೆ ಹಿಂದೆ ಸರಿಯುತ್ತಿದ್ದವು. ಬಿಲ್ ಇವಾನ್ಸ್ ಅವರ ಪಿಯಾನೊ ನನ್ನ ಕೀಬೋರ್ಡಿನ ಶ್ರುತಿಯಲ್ಲಿ ನುಡಿಯುತ್ತಿತ್ತು.